ಚುಕ್ಕಿ ಇಡುತ್ತ ಸಿಗುವ ಲೆಕ್ಕ

ಪ್ರಿಯ ಓದುಗರೇ,

ಒಂದನೇ ತರಗತಿಯ ಮಗಳು 2, 4, 6, 8 ಎಂದು ಗಿಳಿಪಾಠ ಒಪ್ಪಿಸುತ್ತಾಳೆ, ಅದರಲ್ಲಿ ವಿನ್ಯಾಸ ಏನಿದೆ ಎಂದರೆ ಸುಮ್ಮನೆ ಮುಖ ನೋಡುತ್ತಾಳೆ, ನಿಯಮ ಬಿಡಿಸಿ ಹೇಳಿದರೂ ಮರುದಿನ ಮರೆತಿರುತ್ತಾಳೆ, ಇನ್ನು ಹೇಗೆ ವಿವರಿಸಲಿ ಎಂದು ಕೇಳಿದ್ದೀರಿ. ವಿವರಿಸುವುದನ್ನೇ ಸ್ವಲ್ಪ ದಿನ ಬಿಟ್ಟುಬಿಡಿ. ಆ ವಯಸ್ಸಿನಲ್ಲಿ ಕೇಳಿದ ನಿಯಮ ನಿಲ್ಲುವುದಿಲ್ಲ. ತಾನೇ ಊಹಿಸಿ, ಊಹೆ ನಿಜವಾದದ್ದನ್ನು ಕಣ್ಣಾರೆ ಕಂಡರೆ ನಿಲ್ಲುತ್ತದೆ.

ರಂಗೋಲಿ ಹಾಕುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂದು ಚುಕ್ಕಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ, 2ರಿಂದ 1. ನಡುವೆ ಎರಡು, ಮೇಲೊಂದು, ಕೆಳಗೊಂದು, ಒಟ್ಟು 4. ಆಮೇಲೆ 3ರಿಂದ 1 ಇಡಿ. ಎಣಿಸುವುದು ಅವಳ ಕೆಲಸ, 9 ಬರುತ್ತದೆ. 4ರಿಂದ 1ಕ್ಕೆ ಎಷ್ಟು ಚುಕ್ಕಿ ಬೇಕಾದೀತು ಎಂದು ಇಡುವ ಮೊದಲೇ ಕೇಳಿ. 12 ಎಂದಾಳು, 14 ಎಂದಾಳು. ಸರಿ, ತಪ್ಪು ಏನೂ ಹೇಳದೆ ರಂಗೋಲಿ ಪುಡಿ ಅವಳ ಕೈಗೇ ಕೊಡಿ. 1, 2, 3, 4, 3, 2, 1 ಎಂದು ಇಟ್ಟು ಎಣಿಸಿ 16 ಆದಾಗ, ಓರೆಯಾಗಿ ಕೂತು ನೋಡು ಎನ್ನಿ. ನಾಲ್ಕು ಸಾಲು, ಸಾಲಿಗೆ ನಾಲ್ಕೇ ಚುಕ್ಕಿ! 5ರಿಂದ 1ಕ್ಕೆ ಎಷ್ಟೆಂದು ಎಣಿಸದೆಯೇ ಹೇಳಿಯಾಳು. ಹೇಳದಿದ್ದರೆ ಇನ್ನೊಂದು ದಿನ ನೋಡೋಣ. ವರ್ಗಸಂಖ್ಯೆ ಎಂಬ ಹೆಸರು ಮುಂದೆ ಶಾಲೆಯಲ್ಲಿ ಬಂದೇ ಬರುತ್ತದೆ, ಈಗಲೇ ಬೇಡ.

1, 2, 4 ಆದಮೇಲೆ ಏನು ಎಂಬ ಪ್ರಶ್ನೆಗೆ ಮಗಳು 7 ಎಂದು ಬರೆದಳು, ಅಭ್ಯಾಸ ಪುಸ್ತಕದ ಉತ್ತರ 8 ಎಂದು ಬೇಸರಪಟ್ಟಿದ್ದೀರಿ. ನನಗೆ ಅದನ್ನು ಓದಿ ಬಹಳ ಸಂತೋಷವಾಯಿತು. ಮೊದಲು 1, ಆಮೇಲೆ 2, ಆಮೇಲೆ 3 ಕೂಡಿಸುತ್ತ ಹೋದರೆ 7 ಬರಬೇಕು. ಎರಡರಷ್ಟು ಮಾಡುತ್ತ ಹೋದರೆ 8. ಮೂರೇ ಸಂಖ್ಯೆ ಕೊಟ್ಟು ಉತ್ತರ ಒಂದೇ ಎನ್ನುವುದು ಪುಸ್ತಕ ಮಾಡಿದವರ ದೋಷ, ಮಗುವಿನದ್ದಲ್ಲ. "ಹೇಗೆ ಬಂತು ಪುಟ್ಟಿ?" ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಕಾಯಿರಿ. ಕಾರಣ ಹೇಳಲು ಬಂದ ಮಗುವಿಗೆ ವಿನ್ಯಾಸ ಅರ್ಥವಾಗಿದೆ.

ಏಳನೇ ತರಗತಿಯ ಅಣ್ಣನನ್ನೂ ಜೊತೆಗೆ ಸೇರಿಸಿಕೊಳ್ಳಿ. 1111ನ್ನು 1111ರಿಂದ ಗುಣಿಸಲಿ. 1234321 ಬರುತ್ತದೆ. ಒಂದರ ಕೆಳಗೊಂದು ಬರೆದು ಕೂಡುವಾಗ ಯಾವ ಸ್ಥಾನದಲ್ಲಿ ಎಷ್ಟು 1 ಬಿದ್ದವು ಎಂದು ನೋಡಿದರೆ ತಂಗಿಯ ಚುಕ್ಕಿಗಳೇ ಅಲ್ಲಿವೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ 12345654321 ಎಂಬ ಸಂಖ್ಯೆಯನ್ನು ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವಂಥದ್ದು ಎಂದೇ ವರ್ಣಿಸಿದ್ದಾರೆ. ಅದು ಯಾವ ಸಂಖ್ಯೆಯ ವರ್ಗ ಎಂದು ಹುಡುಗನನ್ನು ಕೇಳಿ. ಉತ್ತರ ಮಾತ್ರ ನೀವು ಹೇಳಿಕೊಡಬೇಡಿ.

– ಸಂಪಾದಕ