ಸಿಂಕಿನ ಪಕ್ಕದ ಪ್ಲಾಸ್ಟಿಕ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡೋಣ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಪಾತ್ರೆ ತೊಳೆಯುವ ಸಾಮಾನಿನಿಂದಲೇ ಶುರು ಮಾಡೋಣ ಅನ್ನಿಸಿತು. ಲಿಕ್ವಿಡ್ ಬಾಟಲಿ, ಸ್ಪಾಂಜು, ಹಸಿರು ಸ್ಕ್ರಬ್ಬರ್, ಬ್ರಷ್, ನೋಡಿದರೆ ಎಲ್ಲವೂ ಪ್ಲಾಸ್ಟಿಕ್ಕೇ. ಎಲ್ಲ ಒಟ್ಟಿಗೆ ಎಸೆದು ಹೊಸದು ತರೋದಾ?

ಉತ್ತರ: ದಯವಿಟ್ಟು ಏನನ್ನೂ ಎಸೆಯಬೇಡಿ. ಅರ್ಧ ಬಾಟಲಿ ಲಿಕ್ವಿಡ್ ಕಸಕ್ಕೆ ಹೋದರೆ ಯಾರಿಗೂ ಲಾಭವಿಲ್ಲ, ಇರುವುದನ್ನು ಮುಗಿಸಿ. 'ಇಕೋ ಕಿಚನ್ ಸೆಟ್' ಅಂತ ಚೆಂದದ ಡಬ್ಬದಲ್ಲಿ ಬರುತ್ತದಲ್ಲ, ಅದನ್ನು ನೋಡಿ ಆಸೆ ಪಡುವುದೂ ಬೇಡ. ಅದರಲ್ಲಿ ಅರ್ಧ ಸಾಮಾನು ನಿಮಗೆ ಬೇಕೇ ಇರುವುದಿಲ್ಲ.

ಎಲ್ಲರ ಕಣ್ಣು ಮೊದಲು ಬಾಟಲಿಯ ಮೇಲೆ ಬೀಳುತ್ತದೆ. ನನ್ನ ಕೇಳಿದರೆ ಮೊದಲು ಬದಲಾಗಬೇಕಾದ್ದು ಸ್ಕ್ರಬ್ಬರ್. ಹಳೇ ಸ್ಕ್ರಬ್ಬರನ್ನು ಹೊಸದರ ಪಕ್ಕ ಇಟ್ಟು ನೋಡಿ. ಮೂಲೆಗಳು ಸವೆದು ದುಂಡಗಾಗಿರುತ್ತವೆ, ನಡುವೆ ತೆಳ್ಳಗಾಗಿ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ, ಅಂಚಿನಲ್ಲಿ ಎಳೆ ಎಳೆ ಎದ್ದಿರುತ್ತದೆ. ಆ ಸವೆದ ಭಾಗವೆಲ್ಲ ಎಲ್ಲಿಗೆ ಹೋಯಿತು? ನೀರಿನ ಜೊತೆ ಸಿಂಕಿನ ತೂತಿನಿಂದ ಕೆಳಗೆ. ಹಸಿರು ಸ್ಕ್ರಬ್ಬರ್ ಸಾಮಾನ್ಯವಾಗಿ ನೈಲಾನ್ ಇಲ್ಲವೇ ಪಾಲಿಯೆಸ್ಟರ್, ಹಳದಿ ಸ್ಪಾಂಜು ಪಾಲಿಯುರೆಥೇನ್. ಬಾಟಲಿ ಖಾಲಿಯಾದ ಮೇಲೂ ನಿಮ್ಮ ಕೈಯಲ್ಲೇ ಇರುತ್ತದೆ, ತೊಳೆದು ಇನ್ನೊಂದಕ್ಕೆ ಬಳಸಬಹುದು, ಮರುಬಳಕೆಗೆ ಕೊಡಬಹುದು. ಚೂರಾಗಿ ಹೋದ ಸ್ಕ್ರಬ್ಬರನ್ನು ಯಾರು ಆರಿಸುತ್ತಾರೆ?

ಅದರ ಜಾಗಕ್ಕೆ ತೆಂಗಿನ ನಾರು ಅಥವಾ ಒಣಗಿದ ತುಪ್ಪದ ಹೀರೆಯ ನಾರು ಸಾಕು. ಹೀರೆ ನಾರು ಒಣಗಿದ್ದಾಗ ಮುಟ್ಟಿದರೆ ಚುಚ್ಚುತ್ತದೆ, ಇದರಲ್ಲಿ ಏನು ತೊಳೆಯೋದು ಅನ್ನಿಸುತ್ತದೆ. ನೀರಲ್ಲಿ ಸ್ವಲ್ಪ ಹೊತ್ತು ಬಿಡಿ, ಊದಿಕೊಂಡು ಮೆತ್ತಗಾಗುತ್ತದೆ. ಗಾಜು, ಪಿಂಗಾಣಿಗೆ ಅದು ಒಳ್ಳೆಯದು. ತಳ ಹಿಡಿದ ಪಾತ್ರೆಗೆ ತೆಂಗಿನ ನಾರು. ನಾನ್‌ಸ್ಟಿಕ್ ಇದ್ದರೆ ತೆಂಗಿನ ನಾರು ಮುಟ್ಟಿಸಬೇಡಿ, ಅದಕ್ಕೆ ಹಳೇ ಹತ್ತಿ ಬಟ್ಟೆಯ ತುಂಡೇ ಸರಿ. ಇವೆಲ್ಲ ಸವೆದ ಮೇಲೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ತೆಂಗಿನ ನಾರು ಮಾತ್ರ ನಿಧಾನ, ಗಾಬರಿ ಬೇಡ. ಮರದ ತಿರುಳಿನ ಸೆಲ್ಯುಲೋಸ್ ಸ್ಪಾಂಜೂ ಸಿಗುತ್ತದೆ, ತರುವಾಗ ಒಮ್ಮೆ ತಿರುಗಿಸಿ ನೋಡಿ, ಬೆನ್ನಿಗೆ ಅದೇ ನೈಲಾನ್ ಪದರ ಅಂಟಿಸಿರುವುದುಂಟು.

ಪ್ರಶ್ನೆ: ಲಿಕ್ವಿಡ್ ಬಿಟ್ಟು ಕಾಗದದಲ್ಲಿ ಸುತ್ತಿದ ಸೋಪಿನ ಬಿಲ್ಲೆ ತಂದೆ. ಗಾಜಿನ ಲೋಟದ ಮೇಲೆಲ್ಲ ಬಿಳಿ ಪೊರೆ, ಸ್ಟೀಲ್ ಮಂಕು. ನೊರೆಯೂ ಅಷ್ಟಕ್ಕಷ್ಟೇ. ಮನೆಯಲ್ಲಿ ಎಲ್ಲರೂ ನನ್ನ ಮೇಲೆ ರೇಗುತ್ತಿದ್ದಾರೆ.

ಉತ್ತರ: ತಪ್ಪು ನಿಮ್ಮದಲ್ಲ, ನೀರಿನದ್ದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಎಣ್ಣೆ ಮತ್ತು ಕ್ಷಾರ ಸೇರಿಸಿ ಮಾಡಿದ ಅಸಲಿ ಸೋಪು ಇವುಗಳ ಜೊತೆ ಸೇರಿದರೆ ಕರಗದ ಗಸಿಯಾಗುತ್ತದೆ, ಲೋಟದ ಮೇಲೆ ಕೂತಿರುವುದು ಅದೇ. ಡಿಟರ್ಜೆಂಟಿಗೆ ಈ ತೊಂದರೆ ಕಡಿಮೆ. ಹೊದಿಕೆಯ ಮೇಲೆ ಏನು ಬರೆದಿದೆ ನೋಡಿ. ಸೋಡಿಯಂ ಕೋಕೋಯೇಟ್, ಸೋಡಿಯಂ ಪಾಮೇಟ್ ಅಂತಿದ್ದರೆ ಅದು ಸೋಪು. ಸೋಡಿಯಂ ಕೋಕೋ ಸಲ್ಫೇಟ್ ಅಂತಿದ್ದರೆ ಅದು ಡಿಟರ್ಜೆಂಟ್ ಜಾತಿ, ತೆಂಗಿನೆಣ್ಣೆಯಿಂದಲೇ ಮಾಡಿದ್ದು, ಗಡಸು ನೀರಿಗೂ ನಡೆಯುತ್ತದೆ. ಬಿಲ್ಲೆ ರೂಪದಲ್ಲೇ ಇಂಥವು ಸಿಗುತ್ತವೆ, ಮತ್ತೆ ಬಾಟಲಿಗೆ ಹೋಗಬೇಕಿಲ್ಲ.

ಈಗಿರುವ ಸೋಪು ಮುಗಿಯುವ ತನಕ, ಪಾತ್ರೆ ಪೂರ್ತಿ ಜಾಲಿಸಿದ ಮೇಲೆ ಕೊನೆಗೆ ಒಂದು ಬೋಗುಣಿ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಗಾಜಿನ ಸಾಮಾನು ಅದ್ದಿ ತೆಗೆಯಿರಿ, ಪೊರೆ ಹೋಗುತ್ತದೆ. ಸೋಪಿನ ಜೊತೆಗೇ ವಿನೆಗರ್ ಬೆರೆಸಬೇಡಿ. ಆಮ್ಲ ಬಿದ್ದರೆ ಸೋಪು ಒಡೆದು ಜಿಡ್ಡಾಗುತ್ತದೆ, ತೊಳೆಯಲು ಹೋಗಿ ಬಳಿದ ಹಾಗಾಗುತ್ತದೆ.

ಇನ್ನು ನೊರೆ. ಜಿಡ್ಡು ತೆಗೆಯುವುದು ನೊರೆಯಲ್ಲ. ಒಂದು ತುದಿ ನೀರಿಗೆ, ಇನ್ನೊಂದು ತುದಿ ಎಣ್ಣೆಗೆ ಅಂಟಿಕೊಳ್ಳುವ ಅಣುಗಳು ಎಣ್ಣೆಯನ್ನು ಎಳೆದು ನೀರಿಗೆ ತರುತ್ತವೆ, ಕೆಲಸ ಅಷ್ಟೇ. ಡಿಶ್‌ವಾಷರ್ ಯಂತ್ರಕ್ಕೆ ಹಾಕುವ ಪುಡಿ ನೊರೆ ಬರಬಾರದು ಅಂತಲೇ ಮಾಡಿದ್ದು, ಅದು ತೊಳೆಯಲ್ವಾ? ನೊರೆ ಕಂಡರೆ ನಮಗೆ ಸಮಾಧಾನ, ಅದಕ್ಕೇ ಕಂಪನಿಗಳು ನೊರೆ ಹೆಚ್ಚಿಸುವ ಪದಾರ್ಥ ಬೇರೆ ಸೇರಿಸುತ್ತವೆ.

ಪ್ರಶ್ನೆ: ನೈಸರ್ಗಿಕವಾದದ್ದೇ ಬಳಸಬೇಕು ಅಂತ ಅಂಟುವಾಳ ಕುದಿಸಿ ಲಿಕ್ವಿಡ್ ಮಾಡುತ್ತೇನೆ. ಅಡುಗೆ ಸೋಡಾ, ವಿನೆಗರ್ ಬೆರೆಸಿಯೂ ಉಜ್ಜುತ್ತೇನೆ. ಮಗಳು ಇದೆಲ್ಲ ಸುಮ್ನೆ ಅನ್ನುತ್ತಾಳೆ. ಯಾರು ಸರಿ?

ಉತ್ತರ: ಅರ್ಧ ನೀವು, ಅರ್ಧ ನಿಮ್ಮ ಮಗಳು. ಅಂಟುವಾಳದಲ್ಲಿ ಸಪೋನಿನ್ ಇದೆ, ಅದು ಜಿಡ್ಡು ತೆಗೆಯುತ್ತದೆ, ಸಂಶಯವಿಲ್ಲ. ತೀರಾ ಎಣ್ಣೆ ಮೆತ್ತಿದ ಬಾಣಲೆಗೆ ಮಾತ್ರ ಅದರ ಶಕ್ತಿ ಸಾಲದು. ಕುದಿಸಿದ ನೀರು ಬೇಗ ಹುಳಿ ಬರುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡಿ.

ಸೋಡಾ, ವಿನೆಗರ್ ಜೋಡಿಯಲ್ಲಿ ಗೆದ್ದದ್ದು ಮಗಳು. ಬುಸ್ ಅಂತ ಉಕ್ಕುವುದು ನೋಡಲು ಚೆಂದ. ಆದರೆ ಉಕ್ಕಿ ಮುಗಿದ ಮೇಲೆ ಅಲ್ಲಿ ಉಳಿದದ್ದು ಸೋಡಿಯಂ ಅಸಿಟೇಟ್ ಕರಗಿದ ನೀರು, ಒಂದರ ಗುಣವನ್ನು ಇನ್ನೊಂದು ತಿಂದು ಹಾಕಿರುತ್ತದೆ. ಬೇರೆ ಬೇರೆಯಾಗಿ ಎರಡೂ ಒಳ್ಳೆಯವೇ. ಕರೆ ಉಜ್ಜಲು ಒದ್ದೆ ಸೋಡಾ, ಬಿಳಿ ಪೊರೆಗೆ ವಿನೆಗರ್. ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ, ಬೂದಿ ಎರಡೂ ಬೇಡ, ಕ್ಷಾರ ತಾಗಿ ಕಪ್ಪಾಗುತ್ತದೆ. ಬ್ಲೀಚ್ ಇರುವ ಯಾವುದಕ್ಕೂ ವಿನೆಗರ್ ಸೇರಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ, ಇದು ತಮಾಷೆಯ ಮಾತಲ್ಲ.

'ನೈಸರ್ಗಿಕ' ಅಂದ ತಕ್ಷಣ ನಂಬುವವರಿಗೆ ಒಂದು ಮಾತು. ಅದೇ ಸಪೋನಿನ್ ಮೀನಿಗೆ ವಿಷ. ಎಷ್ಟೋ ಕಡೆ ಜನ ಸಪೋನಿನ್ ಇರುವ ಗಿಡಗಳನ್ನು ಜಜ್ಜಿ ನೀರಿಗೆ ಹಾಕಿಯೇ ಮೀನು ಹಿಡಿಯುತ್ತಿದ್ದರು. ಆದ್ದರಿಂದ ಉಳಿದ ಅಂಟುವಾಳದ ನೀರನ್ನು ನೇರ ಕೆರೆಗೋ ಹಳ್ಳಕ್ಕೋ ಸುರಿಯಬೇಡಿ. ಕಾರ್ಖಾನೆಯಿಂದ ಬಂದದ್ದೆಲ್ಲ ಕೆಟ್ಟದ್ದು ಅನ್ನುವುದೂ ಹಾಗೇ. ಮೊದಲ ಡಿಟರ್ಜೆಂಟುಗಳು ಕೊಳೆಯದೆ ನದಿಗಳ ಮೇಲೆ ನೊರೆಯ ರಾಶಿಯಾಗಿ ನಿಂತಿದ್ದು ನಿಜ. 1960ರ ದಶಕದಲ್ಲಿ ಹಲವು ದೇಶಗಳು ಕವಲೊಡೆದ ಸರಪಳಿಯಂಥ ಅಣುಗಳ ಡಿಟರ್ಜೆಂಟ್ ಬಿಟ್ಟು ನೇರ ಸರಪಳಿಯಂಥವಕ್ಕೆ ಬದಲಾದವು, ಬ್ಯಾಕ್ಟೀರಿಯಾಗಳಿಗೆ ಅದನ್ನು ಒಡೆಯುವುದು ಸುಲಭವಾಯಿತು. ಯಾವುದನ್ನೇ ಬಳಸಿ, ಕಡಿಮೆ ಬಳಸಿ. ಪಾತ್ರೆಯಲ್ಲಿ ಉಳಿದ ಎಣ್ಣೆಯನ್ನು ಮೊದಲು ಕಾಗದದಲ್ಲಿ ಒರೆಸಿದರೆ ಲಿಕ್ವಿಡ್ ಅರ್ಧ ಸಾಕು.

ಪ್ರಶ್ನೆ: ಡಿಶ್‌ವಾಷರ್ ಮಾತ್ರೆಗಳ ಮೇಲೆ 'ಪ್ಲಾಸ್ಟಿಕ್ ಮುಕ್ತ' ಅಂತಿದೆ. ಆದರೆ ಸುತ್ತಲೂ ತೆಳ್ಳಗಿನ ಹಾಳೆ ಇದೆಯಲ್ಲ?

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ. ಆ ಹಾಳೆ ಸಾಮಾನ್ಯವಾಗಿ ಪಾಲಿವಿನೈಲ್ ಆಲ್ಕೊಹಾಲ್, ಕೃತಕ ಪಾಲಿಮರ್, ಅಂದರೆ ಪ್ಲಾಸ್ಟಿಕ್ ಜಾತಿಯದೇ. ನೀರಲ್ಲಿ ಕರಗುತ್ತದೆ, ಆದರೆ ಕರಗುವುದು ಬೇರೆ, ಕೊಳೆಯುವುದು ಬೇರೆ. ಕೊಳೆಯಲು ಸರಿಯಾದ ಬ್ಯಾಕ್ಟೀರಿಯಾ, ಸಾಕಷ್ಟು ಸಮಯ ಎರಡೂ ಬೇಕು, ಎಲ್ಲ ಕೊಳಚೆ ನೀರಿನ ಶುದ್ಧೀಕರಣ ಘಟಕಗಳಲ್ಲೂ ಅದು ಸಿಗುವುದಿಲ್ಲ. ರಟ್ಟಿನ ಡಬ್ಬದಲ್ಲಿ ಬರುವ ಪುಡಿಯೇ ನೇರ ದಾರಿ, ಕೊಳೆ ನೋಡಿ ಅಳತೆಯನ್ನೂ ಕಡಿಮೆ ಮಾಡಬಹುದು. ಫಾಸ್ಫೇಟ್ ಇಲ್ಲದ್ದನ್ನೇ ತನ್ನಿ, ಫಾಸ್ಫೇಟ್ ಕೆರೆಗಳಲ್ಲಿ ಪಾಚಿ ಬೆಳೆಸುತ್ತದೆ. ಯುರೋಪಿಯನ್ ಒಕ್ಕೂಟ 2017ರಿಂದ ಮನೆಬಳಕೆಯ ಡಿಶ್‌ವಾಷರ್ ಡಿಟರ್ಜೆಂಟುಗಳಲ್ಲಿ ಅದಕ್ಕೆ ಕಡಿವಾಣ ಹಾಕಿದೆ.

ಪ್ರಶ್ನೆ: ಮರದ ಹಿಡಿಯ ಬ್ರಷ್ ಬುಡದಲ್ಲಿ ಕಪ್ಪಾಗಿದೆ. ಪ್ಲಾಸ್ಟಿಕ್ಕೇ ಸ್ವಚ್ಛ ಅಲ್ವಾ?

ಉತ್ತರ: ಅಲ್ಲ. ಒದ್ದೆಯಾಗಿಯೇ ಇರುವುದು ಯಾವುದಾದರೂ ಗಲೀಜೇ. 2017ರಲ್ಲಿ ಜರ್ಮನಿಯಲ್ಲಿ ಬಳಸಿದ ಅಡುಗೆಮನೆ ಸ್ಪಾಂಜುಗಳನ್ನು ಪರೀಕ್ಷಿಸಿದವರಿಗೆ ಅವುಗಳಲ್ಲಿ ದಟ್ಟವಾಗಿ ಬ್ಯಾಕ್ಟೀರಿಯಾ ಸಿಕ್ಕಿದ್ದವು, ಅವು ಸಿಂಥೆಟಿಕ್ ಸ್ಪಾಂಜುಗಳೇ. ಬ್ರಷ್ಷು ಬೇಗ ಒಣಗುತ್ತದೆ, ಅದೇ ಅದರ ಲಾಭ. ನಿಮ್ಮದು ಬಹುಶಃ ಲೋಟದಲ್ಲಿ ಹಿಡಿ ಕೆಳಗಾಗಿ ನಿಂತಿರುತ್ತದೆ, ನೀರೆಲ್ಲ ಹಿಡಿಗೆ ಇಳಿಯುತ್ತದೆ. ಕೊಡವಿ, ಎಳೆ ಕೆಳಗಾಗಿ ಗಾಳಿ ಆಡುವಲ್ಲಿ ನೇತುಹಾಕಿ. ಕಪ್ಪಾದ ಕಡೆ ಉಪ್ಪುಕಾಗದದಲ್ಲಿ ಉಜ್ಜಿ, ಒಣಗಿಸಿ, ಸ್ವಲ್ಪ ಅಗಸೆ ಎಣ್ಣೆ ಸವರಿ. ಮೆತ್ತಗಾಗಿ ಕುಸಿಯುತ್ತಿದ್ದರೆ ಬದಲಾಯಿಸಿ, ತಲೆ ಮಾತ್ರ ಬದಲಿಸುವಂಥದ್ದು ಸಿಕ್ಕರೆ ಅದನ್ನೇ ತನ್ನಿ.