ಶೇರ್‌ಗಿಲ್ ನಕಲಿಸುವಾಗ ಮೈಬಣ್ಣ ಕೆಡುವುದೇಕೆ?

ಪ್ರಶ್ನೆ: ಅಮೃತಾ ಶೇರ್‌ಗಿಲ್ ಅವರ ‘ಮೂವರು ಹುಡುಗಿಯರು’ (1935) ತೈಲಚಿತ್ರವನ್ನು ನಕಲು ಮಾಡುತ್ತಾ ಕಲಿಯುತ್ತಿದ್ದೇನೆ. ಮುಖಗಳು ಒಮ್ಮೆ ಸುಣ್ಣ ಬಳಿದಂತೆ, ಒಮ್ಮೆ ಕೆಸರು ಮೆತ್ತಿದಂತೆ ಆಗುತ್ತವೆ. ಏನು ಮಾಡಲಿ?

ಉತ್ತರ: ಸುಣ್ಣದ ಕಳೆ ಬಿಳಿ ಹೆಚ್ಚಾದಾಗ, ಕೆಸರು ನೆರಳಿಗೆ ಕಪ್ಪು ಬೆರೆಸಿದಾಗ ಬರುತ್ತದೆ. ಎರಡು ಪಾಲು ಬರ್ನ್ಟ್ ಸಿಯೆನಾ (ಕೆಂಗಂದು ಬಣ್ಣ), ಒಂದು ಪಾಲು ಯೆಲ್ಲೊ ಓಕರ್‌ನಿಂದ (ಮಣ್ಣಿನ ಹಳದಿ) ಶುರುಮಾಡಿ. ಬೆಳಕಿನ ಭಾಗಕ್ಕೆ ಮೊದಲು ಓಕರ್ ಹೆಚ್ಚಿಸಿ, ಬಿಳಿಯನ್ನು ಚಾಕುವಿನ ತುದಿಯಷ್ಟೇ ಸೇರಿಸಿ. ನೆರಳಿಗೆ ಸಿಯೆನಾ ಜತೆ ಚೂರು ಅಲ್ಟ್ರಾಮರೀನ್ ನೀಲಿ ಸಾಕು. ಒಂದು ಮಿಶ್ರಣದಲ್ಲಿ ಮೂರು ಬಣ್ಣ ಮೀರಬೇಡಿ.

ಬಿಳಿ ಕ್ಯಾನ್ವಾಸ್ ಮೇಲೆ ನೇರ ಶುರುಮಾಡಿದರೆ ಕಂದು ಮೈಬಣ್ಣ ಇರುವುದಕ್ಕಿಂತ ಕಪ್ಪಗೆ ಕಂಡು ಕೈ ತಾನೇ ಬಿಳಿಯತ್ತ ಹೋಗುತ್ತದೆ. ಮೊದಲು ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಸಿಯೆನಾ ಬಳಿದು ಒಣಗಿಸಿ. ಆಮೇಲೆ ಅಳತೆ ತಪ್ಪದಂತೆ ಚೌಕಗಳ ಜಾಲ ಹಾಕಿ ಹೊರರೇಖೆ ಮೂಡಿಸಿ, ಕಣ್ಣು ಕಿರಿದುಮಾಡಿ ನೋಡುತ್ತಾ ಬೆಳಕು, ನಡು, ನೆರಳು ಎಂದು ಮೂರೇ ಹಂತಗಳಲ್ಲಿ ತುಂಬಿ. ಈ ಚಿತ್ರದ ಶಕ್ತಿ ಇಂಥ ಅಗಲ ಹರವುಗಳಲ್ಲಿದೆ, ರೆಪ್ಪೆಗಳನ್ನು ಕೊನೆಗಿಡಿ.

ಬಣ್ಣಕ್ಕೆ ಬೆರೆಸಲು ಕೆಳಪದರದಲ್ಲಿ ಟರ್ಪೆಂಟೈನ್, ಮೇಲಿನದರಲ್ಲಿ ಅಗಸೆ ಎಣ್ಣೆ. ಅದಲುಬದಲಾದರೆ ಬಣ್ಣ ಬಿರುಕುಬಿಡುತ್ತದೆ. ಮುದ್ರಿತ ಪ್ರತಿಗಳಲ್ಲಿ ಕೆಂಪು ಒಂದೊಂದರಲ್ಲಿ ಒಂದೊಂದು ಥರ. ಸಾಧ್ಯವಾದರೆ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿರುವ ಮೂಲವನ್ನೇ ನೋಡಿ.