ಕೆಂಪು ಶಾಯಿಯ ‘ಅಲರ್ಜಿ’

ಹಾವೇರಿಯ ಓದುಗರೊಬ್ಬರು ಬರೆಯುತ್ತಾರೆ: “ಅವ್ವನ ಫೈಲಿನ ಮೇಲೆ ಇಪ್ಪತ್ತು ವರ್ಷದಿಂದ ‘ಪೆನಿಸಿಲಿನ್ ಅಲರ್ಜಿ’ ಅಂತ ಕೆಂಪು ಶಾಯಿಯಲ್ಲಿದೆ. ಮಂಡಿ ಆಪರೇಷನ್‌ಗೆ ಹೋದರೆ ಡಾಕ್ಟರು ಪೊಲೀಸರಂತೆ ವಿಚಾರಣೆಗಿಳಿದರು. ಬರೆದದ್ದನ್ನು ನಂಬಿ ಬೇರೆ ಔಷಧ ಕೊಟ್ಟರಾಗದೇ?”

ನಿಮ್ಮ ಭಯ ಸುಳ್ಳಲ್ಲ. ಪೆನಿಸಿಲಿನ್ ಚುಚ್ಚಿದ ನಿಮಿಷಗಳಲ್ಲೇ ಉಸಿರುಕಟ್ಟಿ, ಬಿ.ಪಿ. ಕುಸಿದು ಸತ್ತವರಿದ್ದಾರೆ. ಆದರೆ ಆ ಡಾಕ್ಟರ ಮೇಲೆ ಮುನಿಸಿಕೊಂಡಿರಲ್ಲ, ಅದು ತಪ್ಪು.

‘ನನಗೆ ಪೆನಿಸಿಲಿನ್ ಆಗೋದಿಲ್ಲ’ ಎನ್ನುವ ನೂರು ಮಂದಿಯನ್ನು ಸರಿಯಾಗಿ ಪರೀಕ್ಷಿಸಿದರೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಒಗ್ಗುತ್ತದೆ. ನಿಜವಾದ ಅಲರ್ಜಿ ಇದ್ದವರಲ್ಲೂ ಸುಮಾರು 80% ಮಂದಿಗೆ ಹತ್ತು ವರ್ಷದೊಳಗೆ ಅದು ಹೋಗಿರುತ್ತದೆ. ಪೆನಿಸಿಲಿನ್ ಕುಟುಂಬದ ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ನುಂಗಿ ಭೇದಿಯಾದರೆ ಅದು ಅಡ್ಡಪರಿಣಾಮ, ಅಲರ್ಜಿಯಲ್ಲ. ಮಗುವಿನ ವೈರಲ್ ಜ್ವರದ ದದ್ದಿಗೂ ಎಷ್ಟೋ ಸಲ ಗುಳಿಗೆಯ ಮೇಲೇ ಗೂಬೆ ಕೂರುತ್ತದೆ. ಒಂದೇ ಜಾಗದಲ್ಲಿ, ತುಟಿಯ ಮೇಲೋ ತೊಡೆಯ ಮೇಲೋ, ಮತ್ತೆ ಮತ್ತೆ ಏಳುವ ಕಪ್ಪು ಮಚ್ಚೆಯೇನೋ ನಿಜವಾದ ಔಷಧದೋಷವೇ. ಆದರೆ ಅದಕ್ಕೆ ಕಾರಣ ಹೆಚ್ಚಾಗಿ ಸಲ್ಫಾ ಅಥವಾ ಆರ್ನಿಡಜೋಲ್‌ನಂಥ ಬೇರೆ ಗುಳಿಗೆಗಳು. ಹೆಸರು ಕೆಡುವುದು ಪೆನಿಸಿಲಿನ್‌ದು.

ಹಾಗಾಗಿಯೇ ಆ ವಿಚಾರಣೆ. ಯಾವ ಗುಳಿಗೆ, ಎಷ್ಟನೇ ಡೋಸಿಗೆ, ಎಷ್ಟು ಹೊತ್ತಿಗೆ? ಪಿತ್ತಗಂಧೆಯಂತೆ ಎದ್ದು ಅಡಗಿತೇ, ಚರ್ಮ ಸುಲಿದು ಬಾಯಿ-ಕಣ್ಣು ಹುಣ್ಣಾಯಿತೇ? (ಸುಲಿದಿದ್ದರೆ ಆ ಔಷಧ ಜನ್ಮದಲ್ಲಿ ಬೇಡ, ಪರೀಕ್ಷೆಗೂ ಬೇಡ.) ಅಡ್ಮಿಟ್ ಮಾಡಿದರೇ? ಆಮೇಲೆ ಎಂದಾದರೂ ಆಗ್ಮೆಂಟಿನ್ (ಅದೇ ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್) ನುಂಗಿ ಏನೂ ಆಗದೆ ಇದ್ದರೇ? ಈ ಕೊನೆಯ ಪ್ರಶ್ನೆಯೊಂದೇ ಎಷ್ಟೋ ಕೆಂಪು ಶಾಯಿಯನ್ನು ಅಳಿಸಿಬಿಡುತ್ತದೆ.

ಅಲರ್ಜಿ ನಿಜವಿರುವ ಸಂಭವ ಅಳೆಯಲು 2020ರಲ್ಲಿ ಬಂದ ಪೆನ್-ಫಾಸ್ಟ್ ಅಂಕಪಟ್ಟಿ ಸರಳ: ಐದು ವರ್ಷದೊಳಗಿನ ಘಟನೆಗೆ 2, ಅನಫಿಲ್ಯಾಕ್ಸಿಸ್ (ಉಸಿರುಕಟ್ಟಿ, ಬಿ.ಪಿ. ಕುಸಿಯುವ ತೀವ್ರ ಅಲರ್ಜಿ), ಮುಖ-ತುಟಿಯ ಬಾವು ಅಥವಾ ಚರ್ಮದ ತೀವ್ರ ಪ್ರತಿಕ್ರಿಯೆಗೆ 2, ಚಿಕಿತ್ಸೆ ಬೇಕಾಗಿದ್ದರೆ 1. ಒಟ್ಟು ಮೂರಕ್ಕಿಂತ ಕಡಿಮೆಯಾದರೆ ಆ ಸಂಭವ 5%ಕ್ಕಿಂತ ಕಡಿಮೆ. ಅಂಥವರಿಗೆ, ಚರ್ಮ ಸುಲಿದವರನ್ನು ಬಿಟ್ಟು, ಆಸ್ಪತ್ರೆಯಲ್ಲೇ, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಕೈಗೆಟುಕುವಂತಿಟ್ಟುಕೊಂಡು, ಅಮಾಕ್ಸಿಸಿಲಿನ್ ನುಂಗಿಸಿ ಒಂದು ಗಂಟೆಯಾದರೂ ಕೂರಿಸಿ ನೋಡುತ್ತಾರೆ. ನಮ್ಮ ವಾರ್ಡುಗಳ ‘ಟೆಸ್ಟ್ ಡೋಸ್’ ಇದಲ್ಲ. ಅಲ್ಲಿ ವಯಲ್‌ನಿಂದ ಅಂದಾಜಿನಲ್ಲಿ ತೆಳು ಮಾಡಿ ಮುಂಗೈಗೆ ಚುಚ್ಚುತ್ತಾರೆ. ಸೂಜಿಯ ಕೆಂಪಿಗೇ ‘ಅಲರ್ಜಿ’ಯ ಮೊಹರು ಬೀಳುತ್ತದೆ, ಕೆಂಪಾಗದಿದ್ದರೂ ಅದು ಭರವಸೆಯಲ್ಲ.

‘ಬೇರೆ ಔಷಧ’ ಎಂದಿರಿ. ಮಂಡಿ ಆಪರೇಷನ್‌ಗೆ ಮುಂಚೆ ಕೊಡುವ ಮೊದಲ ಆಯ್ಕೆ ಸೆಫಜೋಲಿನ್, ಪೆನಿಸಿಲಿನ್‌ನ ದೂರದ ನೆಂಟ. ಕೆಂಪು ಶಾಯಿಗೆ ಹೆದರಿ ಅದನ್ನು ಬಿಟ್ಟರೆ ವ್ಯಾಂಕೊಮೈಸಿನ್: ಗಂಟೆಗೂ ಹೆಚ್ಚು ಹೊತ್ತು ನಿಧಾನ ಡ್ರಿಪ್, ಗಾಯ ಕೀವಾಗುವ ಸಂಭವವೂ ಹೆಚ್ಚು. ತಮಾಷೆಯೆಂದರೆ, ಸೆಫಜೋಲಿನ್‌ನಲ್ಲಿ ಅಲರ್ಜಿ ಕೆರಳಿಸಬಲ್ಲ ಪಕ್ಕದ ಕೊಂಡಿಯ ರಚನೆಯೇ ಬೇರೆ. ಪೆನಿಸಿಲಿನ್ ನಿಜವಾಗಿ ಆಗದವರಲ್ಲೂ ಬಹುತೇಕರಿಗೆ ಅದು ಒಗ್ಗುತ್ತದೆ.

ಫೈಲಿನಲ್ಲಿರಬೇಕಾದದ್ದು ‘ಅಲರ್ಜಿ’ ಎಂಬ ಒಂಟಿ ಪದವಲ್ಲ. ‘2004, ಅಮಾಕ್ಸಿಸಿಲಿನ್ ಗುಳಿಗೆ, ಮೂರನೇ ದಿನ ದದ್ದು, ಉಸಿರಾಟ ಸರಿ, ತಾನಾಗಿ ವಾಸಿ’ ಎಂಬಂಥ ಒಂದು ಸಾಲು. ಪರೀಕ್ಷೆಯಲ್ಲಿ ಪಾಸಾದರೆ ಹಳೆಯ ಫೈಲು, ಡಿಸ್ಚಾರ್ಜ್ ಕಾರ್ಡು, ಕಂಪ್ಯೂಟರು ಎಲ್ಲೆಡೆಯೂ ಹೊಡೆದುಹಾಕಿಸಿ. ಒಂದು ಕಡೆ ಉಳಿದರೂ ಮುಂದಿನ ಆಸ್ಪತ್ರೆ ಅದನ್ನೇ ನಕಲು ಮಾಡುತ್ತದೆ.

ಆದರೆ ಆ ಸಾಲು ಬರೆಯಲು ಗುಳಿಗೆಯ ಹೆಸರು ಗೊತ್ತಿರಬೇಕಲ್ಲ! ಮೆಡಿಕಲ್ ಶಾಪಿನವರು ಚೀಟಿ ಕೇಳದೆ ನಾಲ್ಕು ಗುಳಿಗೆಗೆ ಸ್ಟ್ರಿಪ್ ಕತ್ತರಿಸುತ್ತಾರೆ. ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಮನೆಗೆ ಬರುವುದು ‘ಆ ಬಿಳಿ ಗುಳಿಗೆ’.